ಗುಡ್ಡ ತೊಳೆದ ಕೃಷ್ಣಕುಮಾರರು

ಸಾಗರ ಪೇಟೆಯಲ್ಲಿ ಕೃಷ್ಣಕುಮಾರರ ಹಲ್ಲಿನ ವಿಚಾರ ಬಂದರೆ ಜನ ಸ್ವಲ್ಪ ದನಿ ತಗ್ಗಿಸಿ ಮಾತಾಡುತ್ತಾರೆ. ಸಾಮಾನ್ಯರ ಹಲ್ಲು ಗಟ್ಟಿ ಚಕ್ಕುಲಿಯ ಮುಂದೆ ಶೌರ್ಯ ತೋರಿಸಿ ತೃಪ್ತಿಪಡುತ್ತದೆ. ಇವರ ಹಲ್ಲು ಸಹ್ಯಾದ್ರಿಯ ಮೇಲೆಯೇ ದಂಡೆತ್ತಿ ಹೋಗಿದೆ. ಹುಲಿಕಲ್ ಘಾಟಿಯ ಒಂದು ತಿರುವು ನೇರವಾದದ್ದು ರಸ್ತೆಯವರಿಂದ ಅಲ್ಲ, ಕೃಷ್ಣಕುಮಾರರು ಅಲ್ಲೊಂದು ಮಧ್ಯಾಹ್ನ ಊಟವಿಲ್ಲದೆ ಬಸ್ಸು ಕಾಯುತ್ತ ನಿಂತಿದ್ದರಿಂದ ಎನ್ನುವವರಿದ್ದಾರೆ. ತೀರ್ಥಹಳ್ಳಿ ಕಡೆಯವರು ಆಗುಂಬೆಯನ್ನಾದರೂ ಬಿಟ್ಟುಕೊಡಲಿ ಎಂದು ಹರಕೆ ಹೊತ್ತಿದ್ದಾರಂತೆ. ಪೇಟೆಯ ಹಲ್ಲಿನ ಡಾಕ್ಟರು ಅವರ ಬಾಯಿಯೊಳಕ್ಕೆ ದೀಪ ಬಿಟ್ಟು ನೋಡಿ, "ಸಾರ್, ಇದು ಹಲ್ಲಿನ ಕೇಸಲ್ಲ, ಒರಳಿನ ಕೇಸು. ಕಲ್ಲು ಕುಟ್ಟೋರ ಹತ್ರ ಹೋಗಿ" ಎಂದರೆಂದು ಪ್ರತೀತಿ.

ಸಂಗತಿ ಇಷ್ಟೇ. ಮೆತ್ತಗಿನ ಕಲ್ಲಿನ ಚೂರೊಂದನ್ನು ಮುಂದಿನ ಹಲ್ಲಿನಲ್ಲಿ ಕಡಿದರೆ ಅದು ಬರೀ ನುಣ್ಣನೆಯ ಜೇಡಿಯೋ, ಮರಳು ಬೆರೆತದ್ದೋ ಗೊತ್ತಾಗುತ್ತದೆ. ಮರಳಿದ್ದರೆ ಕರಕರ ಎನ್ನುತ್ತದೆ, ಜೇಡಿಯಾದರೆ ಬೆಣ್ಣೆ. ಲೋಕದ ಭೂವಿಜ್ಞಾನಿಗಳೆಲ್ಲ ಹೀಗೆ ಮಾಡಿ ನೋಡುತ್ತಾರೆ, ಆಮೇಲೆ ಉಗುಳುತ್ತಾರೆ. ಉಗುಳುವ ಭಾಗ ಸಾಗರದವರ ಪುರಾಣದಲ್ಲಿ ಬಿಟ್ಟುಹೋಗಿದೆ.

ಬಿಟ್ಟುಹೋದದ್ದು ಇನ್ನೂ ಒಂದಿದೆ. ಕಲ್ಲು ಕಚ್ಚುವ ಈ ಮಹಾಶಯರು ಕೆಲಸದಲ್ಲಿದ್ದಷ್ಟು ಕಾಲ ಒಂದು ಕಲ್ಲನ್ನೂ ಕಚ್ಚಿದವರಲ್ಲ. ಕಚ್ಚುವುದಿರಲಿ, ಮುಟ್ಟಿದವರಲ್ಲ. ಕಚ್ಚಲು ಶುರುಮಾಡಿದ್ದು ನಿವೃತ್ತರಾದ ಮೇಲೆ, ಕಚ್ಚಿ ಏನೂ ಪ್ರಯೋಜನವಿಲ್ಲದ ಕಾಲದಲ್ಲಿ.

ಅವರ ಅಪ್ಪ ಮಾರಪ್ಪ ಹೊಸನಗರದ ಹತ್ತಿರ ಮನೆ ಕಟ್ಟುವ ಜಂಬಿಟ್ಟಿಗೆ ಕಲ್ಲು ಕಡಿಯುತ್ತಿದ್ದವರು. ಅಂಗೈ ಗಟ್ಟಿಯಾಗಿ, ಎಲೆ ಅಡಿಕೆ ಹಿಡಿದರೂ ಎಲೆಗೇ ನೋವಾಗುವಂತಾಗಿತ್ತು. ಮಗನಿಗೆ ಅವರು ಕೊಟ್ಟ ಉಪದೇಶ ಒಂದೇ: "ಕಲ್ಲು ಮುಟ್ಟದ ಕೆಲ್ಸ ಹಿಡಿ ಮಗಾ." ಮಗ ಸಾಗರದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ, ಆಮೇಲೆ ದೂರದಲ್ಲಿ ಓದಿ ಭೂವಿಜ್ಞಾನಿಯಾದ. ಮಾರಪ್ಪ ತಲೆಯ ಮೇಲೆ ಕೈ ಹೊತ್ತುಕೊಂಡರು. ಆದರೆ ಮಗ ಅಪ್ಪನ ಮಾತನ್ನು ಅಕ್ಷರಶಃ ನಡೆಸಿಕೊಟ್ಟ: ಚೆನ್ನೈಯ ಎಣ್ಣೆ ಕಂಪನಿಯೊಂದರಲ್ಲಿ, ತಣ್ಣನೆಯ ಕೋಣೆಯಲ್ಲಿ, ಕಲ್ಲಿನ ಚಿತ್ರ ಮಾತ್ರ ನೋಡುವ ಕೆಲಸ ಹಿಡಿದ.

ಆ ಕೆಲಸವನ್ನು ಸ್ವಲ್ಪ ಹೇಳಬೇಕು. ಸಮುದ್ರದ ತಳದಲ್ಲೂ ಹೊಳೆಗಳಿವೆ. ನೀರಿನವಲ್ಲ, ಮರಳು, ಕೆಸರು ಕಲಸಿಕೊಂಡ ರಾಡಿಯ ಹೊಳೆಗಳು. ದಂಡೆಯ ಬಳಿ ಗುಡ್ಡೆಬಿದ್ದ ಮರಳು ಒಮ್ಮೊಮ್ಮೆ ಕುಸಿದು ಆಳಕ್ಕೆ ನುಗ್ಗುತ್ತದೆ, ನುಗ್ಗುವಾಗ ತಳವನ್ನು ಕೊರೆದು ಕಾಲುವೆ ಮಾಡುತ್ತದೆ, ಕಡೆಗೆ ಆ ಕಾಲುವೆಯಲ್ಲೇ ತುಂಬಿಕೊಂಡು ಮಲಗುತ್ತದೆ. ಲಿಂಗನಮಕ್ಕಿಯ ಹಿನ್ನೀರಿನ ಅಡಿಯಲ್ಲಿ ಹಳೆಯ ಶರಾವತಿ ತನ್ನ ಡೊಂಕುಗಳನ್ನು ಬಿಡದೆ ಮಲಗಿದ್ದಾಳಲ್ಲ, ಹಾಗೆ. ವ್ಯತ್ಯಾಸವೆಂದರೆ ಸಮುದ್ರದ ಕಾಲುವೆ ನೀರಿನ ಕೆಳಗಷ್ಟೇ ಅಲ್ಲ, ಲಕ್ಷಾಂತರ ವರ್ಷ ಬಿದ್ದ ಕೆಸರಿನ ಕೆಳಗೂ ಹೂತುಹೋಗಿರುತ್ತದೆ. ಅದರ ಮರಳಿನ ಸಂದುಗಳಲ್ಲಿ ಅದೃಷ್ಟವಿದ್ದರೆ ಎಣ್ಣೆ ಇರುತ್ತದೆ.

ಅದನ್ನು ಹುಡುಕಲು ಹಡಗಿನಿಂದ ದೊಡ್ಡ ಸದ್ದು ಮಾಡುತ್ತಾರೆ. ಸದ್ದು ನೆಲದೊಳಗೆ ಹೊಕ್ಕು, ಪದರ ಪದರಕ್ಕೆ ಬಡಿದು, ಮಾರ್ದನಿಯಾಗಿ ಮರಳುತ್ತದೆ. ಮಾರ್ದನಿಗಳನ್ನು ಜೋಡಿಸಿ ಕಂಪ್ಯೂಟರು ಒಂದು ಚಿತ್ರ ಬರೆಯುತ್ತದೆ. ಅದೇ ಸೀಸ್ಮಿಕ್ ಚಿತ್ರ. ಬಸುರಿಯ ಹೊಟ್ಟೆಯ ಸ್ಕ್ಯಾನಿಂಗ್ ನೋಡಿದವರಿಗೆ ಇದು ಹೊಸದಲ್ಲ. ಎಲ್ಲ ಬೂದಿ ಬೂದಿ, ಮಸುಕು ಮಸುಕು. ಡಾಕ್ಟರು ಇದು ಮೂಗು ಎಂದರೆ ಅದು ಮೂಗು. ಕೃಷ್ಣಕುಮಾರರು ಸಮುದ್ರದ ಹೊಟ್ಟೆ ನೋಡಿ "ಇದು ಮೂಗು" ಎನ್ನುವ ಡಾಕ್ಟರಾಗಿದ್ದರು. ಅವರ ಮಾತಿನ ಮೇಲೆ ಕಂಪನಿ ಬಾವಿ ಕೊರೆಯುತ್ತಿತ್ತು. ಹೆಚ್ಚಿನ ಸಲ ಮೂಗೇ ಆಗಿರುತ್ತಿತ್ತು.

ಹೀಗಿರಲಾಗಿ ಒಂದು ಸಲ ಚಿತ್ರದಲ್ಲಿ ಭಾರೀ ಕಾಲುವೆಯೊಂದು ಕಾಣಿಸಿತು. ಕೃಷ್ಣಕುಮಾರರು ಅದರೊಳಗೆಲ್ಲ ಮರಳಿನ ಗುರುತಾದ ಹಳದಿ ಬಣ್ಣ ತುಂಬಿ, ಇದೆಲ್ಲ ಒಂದೇ ಮರಳು, ಈ ತುದಿಯಲ್ಲಿ ಒಂದು ಬಾವಿಯಿಂದ ನೀರು ತಳ್ಳಿದರೆ ಆ ತುದಿಯ ಬಾವಿಯಲ್ಲಿ ಎಣ್ಣೆ ತಾನಾಗಿ ಮೇಲೆ ಬರುತ್ತದೆ ಎಂದು ಸಾರಿದರು. ಮೀಟಿಂಗಿನಲ್ಲಿ ಎಲ್ಲರೂ ತಲೆದೂಗುವಾಗ ಒಂದು ಕೈ ಮೇಲೆದ್ದಿತು. ಅದು ಅವರ ಕೈಕೆಳಗೆ ಹೊಸದಾಗಿ ಸೇರಿದ್ದ ಮೇಘನಾಳದು. ತೀರ್ಥಹಳ್ಳಿಯ ಗೌಡರ ಮನೆಯ ಹುಡುಗಿ. ಇಬ್ಬರೂ ಮಲೆನಾಡಿನವರಾದ್ದರಿಂದ ಆಫೀಸಿನಲ್ಲಿ ಅವರ ವಾದ ಕನ್ನಡದಲ್ಲೇ ನಡೆಯುತ್ತಿತ್ತು. ಉಳಿದವರು ತಮಿಳಿನ ಕಿವಿಯಲ್ಲಿ ಕೇಳಿ ಅರ್ಧ ಅರ್ಥಮಾಡಿಕೊಳ್ಳುತ್ತಿದ್ದರು.

"ಸರ್, ಇದು ಒಂದೇ ಮರಳಲ್ಲ ಅನ್ಸುತ್ತೆ."

"ಯಾಕಮ್ಮ?"

"ಕಾಲುವೆ ಒಂದೇ ಸಲ ತುಂಬಲ್ಲ ಸರ್. ತುಂಬುತ್ತೆ, ಮತ್ತೆ ಕೊರ್ಕೊಳ್ಳುತ್ತೆ, ಮತ್ತೆ ತುಂಬುತ್ತೆ. ನಡುನಡುವೆ ಸುಮ್ನಿದ್ದಾಗ ತೆಳ್ಳಗೆ ಜೇಡಿ ಕೂರುತ್ತೆ. ಇಂಥಾ ಹಳೇ ಕಾಲುವೆಗಳು ಕೆಲವು ಕಡೆ ಮೇಲೆ ಎದ್ದು ಗುಡ್ಡದಲ್ಲಿ ಬಯಲಾಗಿವೆ. ಒಂದ್ಸಲ ಎಲ್ರೂ ಹೋಗಿ ಪಕ್ಕದಲ್ಲಿ ನಿಂತು ನೋಡ್ಕೊಂಡು ಬರೋಣ. ಆಮೇಲೆ ಈ ಚಿತ್ರ ಓದೋಣ."

"ಈ ಚಿತ್ರದಲ್ಲಿ ಜೇಡಿ ಎಲ್ಲಿದೆ, ಬೆರಳಿಟ್ಟು ತೋರ್ಸು."

"ಎರಡಂತಸ್ತಿನ ಮನೆಗಿಂತ ತೆಳ್ಳಗಿದ್ರೆ ಚಿತ್ರದಲ್ಲಿ ಕಾಣೋದೇ ಇಲ್ಲ ಸರ್. ನಾನ್ ಹೇಳ್ತಿರೋದೂ ಅದೇ."

"ಕಾಣದೆ ಇರೋದನ್ನ ನಾನು ಮೇಲಿನೋರಿಗೆ ಹೇಗೆ ತೋರಿಸ್ಲಿ ಮಾರಾಯ್ತಿ?"

ಮೇಘನಾ ಆಗ ತನ್ನ ಚೀಲದಿಂದ ಒಂದು ಡಬ್ಬಿ ತೆಗೆದಳು. ಊರಿಂದ ತಂದಿದ್ದ ತೊಡೆದೇವು. ಕಾಗದದಷ್ಟು ತೆಳ್ಳಗಿನ ಆ ಸಿಹಿಯನ್ನು ಒಂದರ ಮೇಲೊಂದು ಪೇರಿಸಿ, ಅಂಟಿಕೊಳ್ಳದಿರಲೆಂದು ನಡುವೆ ಒಂದೊಂದು ಹಾಳೆ ಇಟ್ಟಿದ್ದರು.

"ದೂರದಿಂದ ನೋಡಿ ಸರ್, ಒಂದೇ ದಪ್ಪ ಗಟ್ಟಿ. ಈಗ ಮೇಲಿಂದ ತುಪ್ಪ ಹಾಕಿದ್ರೆ ಕೆಳಗಿನದಕ್ಕೆ ಹೋಗುತ್ತಾ?"

ಕೃಷ್ಣಕುಮಾರರು ಗಂಭೀರವಾಗಿ ಬಾಗಿ ನೋಡಿದರು. ಮೇಲಿನ ಹಾಳೆ ಎತ್ತಿದರು. ಒಂದು ತೊಡೆದೇವು ತೆಗೆದು ಬಾಯಿಗಿಟ್ಟುಕೊಂಡರು.

"ಚೆನ್ನಾಗಿದೆ. ನಿಮ್ಮಮ್ಮ ಮಾಡಿದ್ದಾ?"

ಕೋಣೆ ನಗೆಯಲ್ಲಿ ಮುಳುಗಿತು. ಡಬ್ಬಿ ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಖಾಲಿಯಾಯಿತು. ಸಾಕ್ಷಿಯನ್ನು ತಿಂದು ತೀರ್ಪು ಕೊಟ್ಟ ನ್ಯಾಯಾಧೀಶರು ಲೋಕದಲ್ಲಿ ಬೇರೆ ಇದ್ದಾರೋ ಇಲ್ಲವೋ, ನಮ್ಮ ಸಾಗರದವರು ಒಬ್ಬರಂತೂ ಇದ್ದಾರೆ. ಮೇಘನಾ ಖಾಲಿ ಡಬ್ಬಿ ಮುಚ್ಚಿ ಚೀಲದಲ್ಲಿಟ್ಟುಕೊಂಡಳು. ಅವಳೂ ನಕ್ಕಳು ಎಂದು ಕೃಷ್ಣಕುಮಾರರು ಬಹಳ ಕಾಲ ನಂಬಿಕೊಂಡಿದ್ದರು.

ಬಾವಿಗಳನ್ನು ಕೊರೆದರು. ಒಂದು ತುದಿಯಿಂದ ನೀರು ತಳ್ಳಿದರು. ಇನ್ನೊಂದು ತುದಿಯಲ್ಲಿ ಮೊದಮೊದಲು ಬಂದ ಎಣ್ಣೆ ನಿಧಾನವಾಗಿ ಬತ್ತಿತು. ಮತ್ತಷ್ಟು ತಳ್ಳಿದರು. ನೀರು ಎಲ್ಲಿಗೆ ಹೋಯಿತೋ ವರುಣನೇ ಬಲ್ಲ. ಎಣ್ಣೆಯ ಕಡೆಗಂತೂ ಹೋಗಲಿಲ್ಲ. ನಡುವೆ ಕಾಣದ ಜೇಡಿ ಕೂತಿತ್ತು.

ವಿಚಾರಣೆಯ ದಿನ ಮೇಲಿನವರು ಕೇಳಿದ ಪ್ರಶ್ನೆ ಸರಳವಾಗಿತ್ತು: ಹೀಗಾಗಬಹುದೆಂದು ಆಗ ಯಾರೂ ಅನುಮಾನ ಎತ್ತಲಿಲ್ಲವೆ? ಮೇಘನಾ ಎದುರಿನ ಕುರ್ಚಿಯಲ್ಲಿದ್ದಳು. ಅವಳು ಕೃಷ್ಣಕುಮಾರರತ್ತ ನೋಡಿದಳು. ಕೃಷ್ಣಕುಮಾರರು ನೀರಿನ ಬಾಟಲಿಯತ್ತ ನೋಡಿದರು. ಅದರ ಮೇಲೆ ಅಚ್ಚಾಗಿದ್ದ ಅಕ್ಷರಗಳನ್ನೆಲ್ಲ, ತಯಾರಾದ ಊರಿನ ಹೆಸರಿನವರೆಗೆ, ಓದಿದರು. ಯಾರೂ ಎತ್ತಲಿಲ್ಲ ಎಂದು ಬರೆದುಕೊಳ್ಳಲಾಯಿತು. ಕೃಷ್ಣಕುಮಾರರು ಹೇಳಿದಂತೆ ನಕ್ಷೆಗಳನ್ನು ಕೈಯಾರೆ ಬರೆದವಳು ಮೇಘನಾ ಆದ್ದರಿಂದ ತಪ್ಪು ಅವಳ ತಲೆಗೆ ಬಂತು; ಅವಳನ್ನು ಹಳೆಯ ಚಿತ್ರಗಳನ್ನು ಜೋಡಿಸಿಡುವ ವಿಭಾಗಕ್ಕೆ ಹಾಕಿದರು. ಕೃಷ್ಣಕುಮಾರರು ಸಕಾಲದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಯೊಂದಿಗೆ ನಿವೃತ್ತರಾಗಿ, ಹೆಂಡತಿ ಶ್ಯಾಮಲಾ ಜೊತೆ ಸಾಗರಕ್ಕೆ ಬಂದು ಬಾಡಿಗೆ ಮನೆಯಲ್ಲಿ ನೆಲೆಸಿದರು. ಎಣ್ಣೆಯ ಮಾತು ಬಂದರೆ ಅವರು ಕಡಲೆಕಾಯಿ ಎಣ್ಣೆಯ ಬಗ್ಗೆ ಮಾತಾಡುತ್ತಿದ್ದರು.

ಹೋದ ಮಳೆಗಾಲ ಕಳೆದ ಮೇಲೆ ಹೊಸನಗರದಲ್ಲಿ ಯಾರದೋ ನಾಮಕರಣ. ಬಟ್ಟೆಮಲ್ಲಪ್ಪ ದಾಟಿದ ಮೇಲೊಂದು ತಿರುವಿನಲ್ಲಿ ಗುಡ್ಡ ಜರಿದು ಬಸ್ಸು ನಿಂತಿತು. ತಿರುವಿನಲ್ಲೇ ದುಗ್ಗಮ್ಮನ ಚಾ ಅಂಗಡಿ. ಕೃಷ್ಣಕುಮಾರರು ಚಾ ಹಿಡಿದು ಎದುರಿಗೆ ನೋಡಿದರು. ಅಷ್ಟು ವರ್ಷ ಜರಿಗಿಡ, ಹಾವಸೆ ಮುಚ್ಚಿಕೊಂಡಿದ್ದ ರಸ್ತೆ ಬದಿಯ ಗೋಡೆಯ ಹಸಿರು ಕಳಚಿ ಬಿದ್ದು, ಒಳಗಿನ ಕಲ್ಲು ಬರಿಮೈಯಲ್ಲಿ ನಿಂತಿತ್ತು. ಪದರಗಳೆಲ್ಲ ಪಕ್ಕಕ್ಕೆ ವಾಲಿದ್ದವು. ಕೃಷ್ಣಕುಮಾರರು ತಲೆಯನ್ನು ಹೆಗಲಿಗೆ ತಾಗುವಷ್ಟು ಓರೆ ಮಾಡಿದರು. ಚಾ ಅಂಗಿಯ ಮೇಲೆ ಚೆಲ್ಲಿತು.

ಓರೆ ಮಾಡಿದ ತಲೆಗೆ ಎಲ್ಲ ನೇರವಾಗಿ ಕಾಣಿಸಿತು. ಇನ್ನೂರೈವತ್ತು ಕೋಟಿ ವರ್ಷದ ಹಿಂದಿನ ಸಮುದ್ರದ ತಳ; ಅದರಲ್ಲಿ ಕೊರೆದ ಕಾಲುವೆ; ಕಾಲುವೆಯಲ್ಲಿ ಗಟ್ಟಿಯಾದ ಮರಳು. ಎಣ್ಣೆಗೂ ಈ ಕಲ್ಲಿಗೂ ಸಂಬಂಧವಿಲ್ಲ, ಆದರೆ ತುಂಬಿಕೊಂಡ ರೀತಿ ಅದೇ. ಒಂದೇ ಮರಳಲ್ಲ. ತುಂಬಿದೆ, ಕೊರೆದಿದೆ, ಮತ್ತೆ ತುಂಬಿದೆ. ಪ್ರತಿ ಸಲದ ನಡುವೆ ಅಂಗೈ ಅಗಲದ ಕಪ್ಪು ಗೆರೆ. ಅವರು ರಸ್ತೆ ದಾಟಿ, ಮಳೆನೀರು ಇಳಿದು ಮೆತ್ತಗಾಗಿದ್ದ ಕಪ್ಪು ಗೆರೆಯಿಂದ ಒಂದು ಚೂರು ಕಿತ್ತು ಬಾಯಿಗೆ ಹಾಕಿದರು. ಕರಕರ ಎನ್ನಲಿಲ್ಲ. ಬೆಣ್ಣೆ.

"ಅಯ್ಯಯ್ಯೋ, ಆ ಸಾರು ಮಣ್ಣು ತಿಂತವ್ರಲ್ರೋ!" ಎಂದು ದುಗ್ಗಮ್ಮ ಕೂಗಿದಳು. ಬಸ್ಸಿನವರೆಲ್ಲ ಇಳಿದು ನೋಡಿದರು. ಪುರಾಣ ಹುಟ್ಟಿದ್ದು ಅಲ್ಲಿ.

ಮನೆಗೆ ಬಂದು ಕೃಷ್ಣಕುಮಾರರು ಚಪ್ಪಲಿಯನ್ನೂ ಬಿಡದೆ ಕುರ್ಚಿಯ ಮೇಲೆ ಕೂತರು.

"ಕಾಲೇಜಿಗೆ ಹೋಗುವಾಗ ದಿನಾ ಆ ತಿರುವಲ್ಲಿ ನಾನು ನಿದ್ದೆ ಹೊಡೀತಿದ್ದೆ ಕಣೇ. ದಿನಾ. ಕಿಟಕಿಗೆ ತಲೆ ಕೊಟ್ಟು. ಆ ಕಿಟಕಿಯಾಚೆಗೇ ಇತ್ತು."

"ಏನಿತ್ತು?"

"ಮೇಘನಾ ಹೇಳಿದ್ದು."

ಶ್ಯಾಮಲಾಗೆ ಆ ಕಥೆ ಗೊತ್ತಿತ್ತು. ಗಂಡ ಹೇಳಿರಲಿಲ್ಲ; ನಿದ್ದೆಯಲ್ಲಿ ಗೊಣಗಿದ್ದನ್ನು ಕೂಡಿಸಿಕೊಂಡು ತಿಳಿದದ್ದು. "ಈಗ ಕಲ್ಲು ಸಿಕ್ತು. ಏನ್ ಮಾಡ್ಬೇಕು ಅಂತಿದೀರಿ?"

"ಅವಳನ್ನ ಅಲ್ಲಿ ನಿಲ್ಲಿಸ್ಬೇಕು. ಆ ಜೇಡೀನ ಅವಳ ಕೈಲಿ ಮುಟ್ಟಿಸ್ಬೇಕು. ಅವತ್ತು ನೀನು ಹೇಳಿದ್ದು ಸರಿ, ನಾನು ಬಾಯಿ ಮುಚ್ಕೊಂಡು ಕೂತಿದ್ದು ತಪ್ಪು ಅನ್ಬೇಕು."

"ಅಷ್ಟೇನಾ?"

"ಅಷ್ಟೇ."

ಮೇಘನಾಳಿಗೆ ಫೋನು ಹೋಯಿತು. ಸಂಕ್ರಾಂತಿ ಕಳೆದು ಅವಳ ತಮ್ಮ ನಿಶಾಂತನ ಹೊಸ ಮನೆಯ ಪ್ರವೇಶವಿತ್ತು. ಅದಕ್ಕೆ ಬರುವವಳೇ ಇದ್ದಳು. ಶಿವಮೊಗ್ಗದಲ್ಲಿ ಇಳಿಯುವ ಬದಲು ಸಾಗರದವರೆಗೆ ರೈಲಿನಲ್ಲಿ ಬಂದು, ಇವರ ಕಾರಿನಲ್ಲಿ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವುದೆಂದು ಒಪ್ಪಿದಳು. "ಏನು ವಿಶೇಷ ಸರ್?" ಎಂದಳು. "ಒಂದು ಕಲ್ಲಿದೆ" ಎಂದು ಇವರು ಇಟ್ಟುಬಿಟ್ಟರು.

ಮುಂದಿನದು ಮಹಾಯುದ್ಧ. ಕವಲೇದುರ್ಗದ ಕೋಟೆಗೆ ಮುತ್ತಿಗೆ ಹಾಕಿದವರೂ ಇಷ್ಟು ಸನ್ನಾಹ ಮಾಡಿಕೊಂಡಿರಲಿಕ್ಕಿಲ್ಲ. ಕತ್ತಿ, ಗುದ್ದಲಿ, ತೆಂಗಿನ ನಾರಿನ ಬ್ರಷ್ಷು, ಹಲ್ಲುಜ್ಜುವ ಹಳೆಯ ಬ್ರಷ್ಷುಗಳು, ಏಣಿ, ತೋಟಕ್ಕೆ ಔಷಧಿ ಹೊಡೆಯುವ ಬೆನ್ನಿನ ಪಂಪು. ಕಲ್ಲನ್ನು ಓದಬೇಕಾದರೆ ಮೊದಲು ಅದರ ಮುಖ ತೊಳೆಯಬೇಕು ಎಂಬುದು ಆ ವಿದ್ಯೆಯ ಮೊದಲ ಪಾಠ. ಕೃಷ್ಣಕುಮಾರರು ಅದನ್ನು ಪರೀಕ್ಷೆಗೆ ಓದಿದ್ದರೇ ಹೊರತು ಮಾಡಿದವರಲ್ಲ. ಈಗ ವಾರಗಟ್ಟಲೆ ಮಾಡಿದರು. ಹಾವಸೆ ಹೆರೆದರು, ಬೇರು ಕಿತ್ತರು, ಸಂದುಗೊಂದಿನ ಮಣ್ಣನ್ನು ಹಲ್ಲಿನ ಬ್ರಷ್ಷಿನಿಂದ ಉಜ್ಜಿ ತೆಗೆದರು, ಕೆಳಗಿನ ತೋಡಿನಿಂದ ನೀರು ತಂದು ಪಂಪಿನಲ್ಲಿ ಹೊಡೆದರು. ಮಾರಪ್ಪ ಇದ್ದಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮಗನ ಅಂಗೈಯಲ್ಲಿ ಬೊಕ್ಕೆಗಳೆದ್ದವು.

ಹೋಗಿಬರುವ ಬಸ್ಸಿನವರು ಅವರನ್ನು ನೋಡಿ ತಾವೂ ತಲೆ ಓರೆ ಮಾಡಲು ಕಲಿತರು. ಹೊಸನಗರದ ಬಸ್ಸು ಆ ತಿರುವಿಗೆ ಬಂದಾಗ ಒಳಗಿನ ತಲೆಗಳೆಲ್ಲ ಒಟ್ಟಿಗೆ ಒಂದು ಕಡೆಗೆ ವಾಲುತ್ತಿದ್ದವು. ಏನು ಕಂಡಿತೆಂದು ಯಾರಿಗೂ ಗೊತ್ತಿಲ್ಲ. ಆದರೆ ಕಾಣಲಿಲ್ಲ ಎಂದು ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ.

ದುಗ್ಗಮ್ಮ ಮಾತ್ರ ನೇರವಾಗಿ ಕೇಳಿದಳು. "ಅಲ್ಲ ಸಾರೇ, ಎಂತ ನಿಧಿಯಾ? ನಂಗಾರೂ ಹೇಳಿ, ಯಾರಿಗೂ ಹೇಳಲ್ಲ."

"ನಿಧಿ ಅಲ್ಲ ದುಗ್ಗಮ್ಮ. ಇದು ಸಮುದ್ರದ ತಳ."

"ಸಮುದ್ರ ಇರೋದು ಹೊನ್ನಾವರದಾಗೆ. ಹೋಗ್ಲಿ ಬಿಡಿ. ನಿಮ್ಮನೆ ಗೋಡೆ ಯಾವತ್ತಾರೂ ಹಿಂಗೆ ತೊಳ್ದಿದೀರಾ?"

ಕೊಡೆ ಹಿಡಿದು ಗುಡ್ಡದ ಬುಡದಲ್ಲಿ ನಿಂತಿದ್ದ ಶ್ಯಾಮಲಾ ಅಲ್ಲಿಂದಲೇ ಕೂಗಿದರು. "ಕೇಳು ದುಗ್ಗಮ್ಮ, ಚೆನ್ನಾಗಿ ಕೇಳು. ಇನ್ನೊಂದ್ಸಲ ಕೇಳು." ಫೋಟೋದಲ್ಲಿ ಗುಡ್ಡದ ಎತ್ತರ ತಿಳಿಯಲು ಪಕ್ಕದಲ್ಲಿ ಗೊತ್ತಿರುವ ಅಳತೆಯ ವಸ್ತುವೊಂದು ಬೇಕು. ಆ ವಸ್ತು ಶ್ಯಾಮಲಾ ಆಗಿದ್ದರು.

"ಸ್ವಲ್ಪ ಎಡಕ್ಕೆ ಸರಿ."

"ಸರಿದ್ರೆ ಚರಂಡಿಗೆ ಬೀಳ್ತೀನಿ ಕಣ್ರೀ."

"ಬೀಳ್ಬೇಡ. ಅಳತೆ ತಪ್ಪುತ್ತೆ."

ಕಡೆಗೆ ಮೇಘನಾಳಿಗೆ ಒಂದೇ ನೋಟಕ್ಕೆ ಅರ್ಥವಾಗಲೆಂದು ಕೃಷ್ಣಕುಮಾರರು ಅಲಂಕಾರಕ್ಕೆ ಕೈಹಾಕಿದರು. ಬಕೆಟ್ಟಿನಲ್ಲಿ ಸುಣ್ಣ ಕಲಸಿ ಗುಡ್ಡದುದ್ದಕ್ಕೂ ಮಾರು ಮಾರಿಗೆ ಒಂದು ಗೆರೆ ಎಳೆದರು. ಗೆರೆಯ ಪಕ್ಕ ದಪ್ಪ ಅಂಕಿಗಳನ್ನು ಬರೆದರು. ಕಾಲುವೆಯ ಈ ತುದಿಗೊಂದು, ಆ ತುದಿಗೊಂದು ಬಾಣದ ಗುರುತು ಹಾಕಿದರು. ಇಷ್ಟಾದ ಮೇಲೆ ರಸ್ತೆಯ ಆಚೆ ನಿಂತು, ತಲೆ ಓರೆ ಮಾಡಿ ನೋಡಿದರು. ಮನಸ್ಸು ತುಂಬಿತು. ನಾಳೆ ಮೇಘನಾ ಬರುತ್ತಾಳೆ. ಒಂದು ಮಾತು ಕಡಿಮೆಯಾದರೂ ಗುಡ್ಡವೇ ಹೇಳಿಬಿಡುತ್ತದೆ.

ಮರುದಿನ ಬೆಳಿಗ್ಗೆ ಸಾಗರದ ಸ್ಟೇಷನ್ನಿನಲ್ಲಿ ಮೇಘನಾಳನ್ನು ಕರೆದುಕೊಂಡು, ಮನೆಯಲ್ಲಿ ಶ್ಯಾಮಲಾ ಹುಯ್ದುಕೊಟ್ಟ ದೋಸೆ ತಿನ್ನಿಸಿ, ಮೂವರೂ ಕಾರಿನಲ್ಲಿ ಹೊರಟರು. ದಾರಿಯುದ್ದಕ್ಕೂ ಕೃಷ್ಣಕುಮಾರರು ಮಂಜು, ರಸ್ತೆ, ಅಡಿಕೆಯ ಕೊಳೆರೋಗ ಎಲ್ಲದರ ಬಗ್ಗೆ ಮಾತಾಡಿದರು. ಬೇಕಾದ ಮಾತನ್ನು ತಿರುವಿಗೆ ಮೀಸಲಿಟ್ಟಿದ್ದರು. ಮೇಘನಾಳ ಕೂದಲಿನಲ್ಲಿ ಅಲ್ಲಲ್ಲಿ ಬಿಳಿಯಿತ್ತು. ಅದನ್ನು ಕನ್ನಡಿಯಲ್ಲಿ ನೋಡಿ ಅವರು ಒಂದು ಗುಂಡಿ ತಪ್ಪಿಸುವುದನ್ನು ಮರೆತರು.

ತಿರುವು ಬಂತು. ಕಾರು ನಿಂತಿತು.

ಗುಡ್ಡ ಬೆಳ್ಳಗಿತ್ತು. ಬೆಳ್ಳಗೂ ಅಲ್ಲ, ಹಸಿ ಸಿಮೆಂಟಿನ ಬೂದು ಬಣ್ಣ. ಕಂಪ್ರೆಸರಿನ ಅಬ್ಬರದಲ್ಲಿ ಒಬ್ಬ ಪೈಪು ಹಿಡಿದು, ತಂತಿಯ ಜಾಲರಿ ಹೊಡೆದ ಗೋಡೆಗೆ ಸಿಮೆಂಟು ಸಿಡಿಸುತ್ತಿದ್ದ. ಕೊನೆಗೆ ಉಳಿದಿದ್ದ ಒಂದು ಮೂಲೆಯೂ, ಅದರ ಮೇಲಿನ ಸುಣ್ಣದ ಬಾಣವೂ ಅವರ ಕಣ್ಣೆದುರೇ ಮುಚ್ಚಿಹೋದವು. ಮೇಸ್ತ್ರಿ ತೀರ್ಥೇಶ ತಲೆಗೆ ಟವೆಲು ಸುತ್ತಿಕೊಂಡು ಹತ್ತಿರ ಬಂದ.

"ಯಾರು ಹೇಳಿದ್ದು ನಿಮಗೆ ಇಲ್ಲಿ ಮಾಡಕ್ಕೆ?" ಕೃಷ್ಣಕುಮಾರರ ದನಿ ಕೀರಲಾಗಿತ್ತು.

"ನಮ್ದು ಮುಂದಿನ ತಿರುವು ಸಾರ್, ಅಲ್ಲಿ ಜರೀತಾ ಇರೋದು. ನಸುಕಿಗೇ ಗಾಡಿ ತಗೊಂಡ್ ಬರ್ತಾ ಇಲ್ಲಿ ನೋಡಿದ್ರೆ ಎಲ್ಲಾ ಉಜ್ಜಿ ತೊಳ್ದು, ಸುಣ್ಣದಾಗೆ ಮಾರ್ಕ್ ಹಾಕಿ, ನಂಬರ್ ಬರ್ದು, ಇಲ್ಲಿಂದ ಇಲ್ಲಿಗೆ ಅಂತ ಬಾಣ ಬೇರೆ. ಸುಣ್ಣದ ಮಾರ್ಕ್ ಇದ್ರೆ ನಮಗೆ ಆರ್ಡರ್ ಇದ್ದಂಗೆ ಸಾರ್. ಇಂಜಿನಿಯರ್ ಸಾಹೇಬ್ರು ಮಾಡ್ಸಿರ್ಬೇಕು, ಇದೇ ಮೊದ್ಲು ಮುಗ್ಸಣ ಅಂತ ಶುರು ಹಚ್ಕಂಡ್ವಿ." ಅವನು ಮೆಚ್ಚುಗೆಯಿಂದ ಗೋಡೆಯತ್ತ ತಿರುಗಿದ. "ಯಾರು ಕ್ಲೀನ್ ಮಾಡಿದ್ರೋ ಗೊತ್ತಿಲ್ಲ ಸಾರ್, ಕೈ ಮುಗೀಬೇಕು. ಸಿಮೆಂಟ್ ಹಿಂಗೆ ಕಚ್ಕಂಡಿದ್ದು ನಾನು ಎಲ್ಲೂ ನೋಡಿಲ್ಲ. ಇನ್ನು ನೂರು ವರ್ಷ ಅಲ್ಲಾಡಲ್ಲ."

ಅಂಗಡಿಯಿಂದ ದುಗ್ಗಮ್ಮ ಹಣೆ ಚಚ್ಚಿಕೊಂಡಳು. "ನಾನು ಬಡ್ಕಂಡೆ ಸಾರೇ. ಅದು ಸಮುದ್ರ ಕಣ್ರೋ, ಮುಟ್ಬೇಡ್ರೋ ಅಂದೆ. ನಗಾಡಿದ್ರು."

ಕೃಷ್ಣಕುಮಾರರು ಜೇಬಿನಿಂದ ಮೊಬೈಲು ತೆಗೆದರು. "ಫೋಟೋ ಇದೆ. ಎಲ್ಲಾ ಇದೆ. ನೋಡು ಮೇಘನಾ, ಇಲ್ಲಿ ಶ್ಯಾಮಲಾ ಕೊಡೆ ಪಕ್ಕ..."

ಮೇಘನಾ ಫೋನಿನತ್ತ ನೋಡಲಿಲ್ಲ. ಅವರ ಮುಖ ನೋಡಿದಳು. "ಮತ್ತೆ ಚಿತ್ರಾನೇ ತೋರಿಸ್ತೀರಾ ಸರ್?"

ಅವಳು ಅದನ್ನು ಕಟುವಾಗಿ ಹೇಳಲಿಲ್ಲ. ಸುಮ್ಮನೆ ಹೇಳಿದಳು. ಕೃಷ್ಣಕುಮಾರರು ಫೋನನ್ನು ಜೇಬಿಗೆ ಹಾಕಿದರು. ಗುಡ್ಡವಿಲ್ಲ, ಚಿತ್ರವಿಲ್ಲ, ನೋಡಲು ನೀರಿನ ಬಾಟಲಿಯೂ ಇಲ್ಲ. ಕಂಪ್ರೆಸರು ಅಷ್ಟು ಹೊತ್ತಿಗೆ ನಿಂತಿತು.

"ಅವತ್ತು ನೀನು ಹೇಳಿದ್ದೇ ಸರಿ ಇತ್ತು. ಒಂದೇ ಮರಳಾಗಿರ್ಲಿಲ್ಲ. ವಿಚಾರಣೆ ದಿನ ನಾನು ಹೇಳ್ಬೇಕಿತ್ತು, ನೀನು ಅನುಮಾನ ಎತ್ತಿದ್ದೆ ಅಂತ. ಹೇಳ್ಲಿಲ್ಲ."

ಮೇಘನಾ ಹಸಿ ಗೋಡೆಯತ್ತ ತಿರುಗಿದಳು. ಶ್ಯಾಮಲಾ ಅವಳ ಪಕ್ಕಕ್ಕೆ ಬಂದು ನಿಂತರು.

"ಆಮೇಲೆ ಯಾವ ಮೀಟಿಂಗಲ್ಲೂ ನಾನು ಕೈ ಎತ್ತಲಿಲ್ಲ ಸರ್" ಎಂದಳು ಮೇಘನಾ. "ಎತ್ಬೇಕು ಅನ್ಸುತ್ತೆ, ಕೈ ಮೇಲೆ ಬರಲ್ಲ. ಈಗ ಅಲ್ಲಿ ಚಿತ್ರ ಓದೋಕೆ ಮನುಷ್ಯರೇ ಬೇಡ, ಕಂಪ್ಯೂಟರ್ರೇ ಹಳದಿ ಬಣ್ಣ ತುಂಬುತ್ತೆ. ಅದಕ್ಕೆ ಕಲಿಸೋಕೆ ಹಳೇ ನಕ್ಷೆಗಳು ಬೇಕು ಅಂದ್ರು. ನಾನೇ ತೆಗೆದು ಕೊಟ್ಟೆ. ನಿಮ್ಮವೇ ಜಾಸ್ತಿ."

"ಆ ಕಾಲುವೇದೂ?"

"ಅದೂ ಇತ್ತು. ಈಗ ಅದು ಎಲ್ಲಾ ಕಾಲುವೇನೂ ಒಂದೇ ಮರಳು ಅನ್ನುತ್ತೆ."

"ನೀನು ಹೇಳ್ಲಿಲ್ವಾ ಅವರಿಗೆ?"

"ಹೇಳಿದೆನಲ್ಲ ಸರ್, ಕೈ ಮೇಲೆ ಬರಲ್ಲ ಅಂತ."

ಕೃಷ್ಣಕುಮಾರರು ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು. ತಾವು ಒಂದು ಬಾವಿ ಕೆಡಿಸಿದೆವೆಂದು ಇಷ್ಟು ವರ್ಷ ತಿಳಿದಿದ್ದರು. ಕೆಟ್ಟದ್ದು ಬಾವಿಯೊಂದೇ ಅಲ್ಲ. ಆ ಮೇಜಿನ ಸುತ್ತ ಸರಿಯಾಗಿ ನೋಡಬಲ್ಲ ಕಣ್ಣು ಇದ್ದದ್ದು ಒಂದೇ ಜೊತೆ; ಅದನ್ನು ಫೈಲು ಜೋಡಿಸಲು ಕೂರಿಸಿಬಿಟ್ಟಿದ್ದರು. ಈಗ ತಪ್ಪು ಒಪ್ಪಿಕೊಂಡದ್ದಾಯಿತು. ಅದರಿಂದ ಒಂದು ಹನಿ ಎಣ್ಣೆಯೂ ಅತ್ತಿಂದಿತ್ತ ಹರಿಯುವಂತಿರಲಿಲ್ಲ.

ದುಗ್ಗಮ್ಮ ಕೇಳದೆಯೇ ಚಾ ತಂದಳು. ಮೇಘನಾ ಒಂದು ಲೋಟ ತಗೊಂಡು ಅವರ ಪಕ್ಕದಲ್ಲೇ ಕೂತಳು. ತೀರ್ಥೇಶನ ಜನ ಏಣಿ ಮಡಚಿ ಮುಂದಿನ ತಿರುವಿಗೆ ಹೊರಡುತ್ತಿದ್ದರು.

"ಒಂದು ಕೇಳ್ತೀನಿ ಸರ್. ಈಗ ಹೇಳಿದ್ರಲ್ಲ, ಎರಡು ಮಾತು. ಅಷ್ಟನ್ನ ಹೇಳೋಕೆ ಈ ಗುಡ್ಡ ಯಾಕೆ ಬೇಕಿತ್ತು? ವಾರಗಟ್ಲೆ ತೊಳೆದ್ರಂತೆ. ನನ್ನ ನಂಬರ್ ಇತ್ತು. ಆಫೀಸಲ್ಲಿ ನಿಮ್ಮ ಕೋಣೆಗೂ ನನ್ನ ಕೋಣೆಗೂ ನಡುವೆ ಬರೀ ಒಂದು ಲಿಫ್ಟ್ ಇತ್ತು."

ಸಹ್ಯಾದ್ರಿಯನ್ನು ಹಲ್ಲಿನಲ್ಲಿ ಪರೀಕ್ಷಿಸಿದವರು, ಇನ್ನೂರೈವತ್ತು ಕೋಟಿ ವರ್ಷದ ಸಮುದ್ರಕ್ಕೆ ಸ್ನಾನ ಮಾಡಿಸಿದವರು, ಇಡೀ ಹೊಸನಗರದ ಬಸ್ಸಿನ ಕತ್ತನ್ನು ಓರೆ ಮಾಡಿಸಿದವರು. ಉತ್ತರಕ್ಕೆ ದುಗ್ಗಮ್ಮ ಸಹ ಸೌಟು ನಿಲ್ಲಿಸಿ ಕಾದಳು.

"ಹೆದ್ರಿಕೆ ಆಗ್ತಿತ್ತು" ಎಂದರು ಕೃಷ್ಣಕುಮಾರರು.